ಪತ್ತನಾಜೆಗೆ ಮೊದಲು ಬನ್ನಿ: ಬೇಸಿಗೆಯಲ್ಲಿ ಕರಾವಳಿಯ ಯಕ್ಷಗಾನ ಆಟ ನೋಡುವುದು ಹೇಗೆ?

[ದೃಶ್ಯ: ಸಂಜೆಯ ಮಲ್ಪೆ ಬೀಚ್, ಮನೆ ಕಡೆ ಹೊರಟ ಪ್ರವಾಸಿಗರು]

ನಮಸ್ಕಾರ. ಬೇಸಿಗೆ ರಜೆ ಶುರುವಾಯಿತು ಅಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರು ಮಂಗಳೂರು, ಉಡುಪಿಗೆ ಬರುತ್ತಾರೆ. ಮಲ್ಪೆ ನೋಡುತ್ತಾರೆ, ಕೃಷ್ಣ ಮಠಕ್ಕೆ ಹೋಗುತ್ತಾರೆ, ಒಂದು ಮೀನೂಟ, ಒಂದು ಗಡ್‌ಬಡ್ ಐಸ್‌ಕ್ರೀಂ. ಕತ್ತಲಾಗುತ್ತಿದ್ದ ಹಾಗೆ ರೂಮಿಗೆ ಹೋಗಿ ಏಸಿ ಹಾಕಿ ಮಲಗಿಬಿಡುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ. ಯಾಕೆಂದರೆ ಅದೇ ಹೊತ್ತಿಗೆ, ಅಲ್ಲೇ ಸ್ವಲ್ಪ ದೂರದ ಯಾವುದೋ ಊರಿನ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಚೆಂಡೆ ಬಡಿಯಲು ಶುರುವಾಗಿರುತ್ತದೆ.

ಇದಕ್ಕೆ ಯಾರೂ ನಾಟಕೋತ್ಸವ ಅಂತ ಹೆಸರಿಟ್ಟಿಲ್ಲ. ವೆಬ್‌ಸೈಟ್ ಇಲ್ಲ, ಬುಕಿಂಗ್ ಇಲ್ಲ. ಆದರೆ ನವೆಂಬರ್ ಸುಮಾರಿಗೆ ಮೇಳಗಳು, ಅಂದರೆ ಯಕ್ಷಗಾನದ ತಂಡಗಳು, ತಿರುಗಾಟಕ್ಕೆ ಹೊರಟರೆ ಮೇ ಕೊನೆಯವರೆಗೆ ಹೆಚ್ಚುಕಮ್ಮಿ ಪ್ರತಿ ರಾತ್ರಿ ಕರಾವಳಿಯ ಎಲ್ಲಾದರೂ ಯಕ್ಷಗಾನ ಇದ್ದೇ ಇರುತ್ತದೆ. ಕೊನೆಯ ದಿನವೂ ಗೊತ್ತಾಗಿದೆ: ಪತ್ತನಾಜೆ. ತುಳುವರ ಬೇಶ ತಿಂಗಳ 10ನೇ ದಿನ, ಸಾಮಾನ್ಯವಾಗಿ ಮೇ 24 ಅಥವಾ 25. ಅವತ್ತು ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ, ನೇಮಗಳೂ ನಿಲ್ಲುತ್ತವೆ. ಹಾಗಾಗಿ ರಜೆಯ ಪ್ಲಾನ್ ಮಾಡುವವರಿಗೆ ನನ್ನ ಮೊದಲ ಮಾತು, ಈ ತಾರೀಖು ನೋಡಿಕೊಂಡು ಬನ್ನಿ. ಜೂನ್‌ನಲ್ಲಿ ಬಂದು "ಯಕ್ಷಗಾನ ಎಲ್ಲಿದೆ?" ಅಂತ ಕೇಳಿದರೆ ಮಳೆಯನ್ನೇ ತೋರಿಸಬೇಕಾಗುತ್ತದೆ.

[ದೃಶ್ಯ: ರಸ್ತೆ ಬದಿಯ ಫ್ಲೆಕ್ಸ್, ಮೇಳದ ಹೆಸರು, ಪ್ರಸಂಗದ ಹೆಸರು]

ಈಗ ಮುಖ್ಯ ವಿಷಯ. ಯಕ್ಷಗಾನಕ್ಕೆ ನಾವು ಆಟ ಅನ್ನುತ್ತೇವೆ. ನಮ್ಮಲ್ಲಿ ನಡೆಯುವ ಆಟಗಳಲ್ಲಿ ಜಾಸ್ತಿ ಹರಕೆ ಆಟಗಳು. ಅಂದರೆ ಒಂದು ಮನೆಯವರು ಮಗುವಿಗೆ ಹುಷಾರಾಗಲಿ ಅಂತಲೋ, ಮನೆ ಕಟ್ಟಿ ಮುಗಿಯಲಿ ಅಂತಲೋ ದೇವಿಗೆ ಹರಕೆ ಹೇಳಿಕೊಂಡಿರುತ್ತಾರೆ, ಅದು ತೀರಿದ ಮೇಲೆ ಆ ಕ್ಷೇತ್ರದ ಮೇಳವನ್ನು ಕರೆಸಿ ಆಟ ಆಡಿಸುತ್ತಾರೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳಲ್ಲಿ ಹರಕೆ ಎಷ್ಟಿವೆ ಅಂದರೆ ಒಂದಲ್ಲ, ಹಲವು ಮೇಳಗಳನ್ನು ಕಟ್ಟಿದ್ದಾರೆ. ಆದರೂ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಖರ್ಚೆಲ್ಲ ಆ ಮನೆಯವರದ್ದು. ನೋಡಲು ಬಂದವರಿಗೆ ಟಿಕೆಟ್ ಇಲ್ಲ, ಎಷ್ಟೋ ಕಡೆ ಊಟವೂ ಇರುತ್ತದೆ. ನೀವು ಯಾರು, ಯಾವ ಊರು ಅಂತ ಕೇಳಿದರೆ ಅದು ವಿಚಾರಣೆ ಅಲ್ಲ, "ಊಟ ಆಯ್ತಾ?" ಅಂತ ಕೇಳುವುದಕ್ಕೆ ಪೀಠಿಕೆ ಅಷ್ಟೇ. ಸಂಕೋಚ ಬೇಡ. ಆದರೆ ಒಂದು ಮನೆಯ ಕಾರ್ಯಕ್ರಮಕ್ಕೆ ಹೋದ ಹಾಗೆ ಹೋಗಿ. ಮನೆಯವರು ಸಿಕ್ಕರೆ ಒಂದು ಮಾತು ಆಡಿ, ಪ್ರಸಾದ ಕೊಟ್ಟರೆ ತೆಗೆದುಕೊಳ್ಳಿ.

ದುಡ್ಡು ಕೊಟ್ಟು ಕುರ್ಚಿಯಲ್ಲಿ ಕೂತು ನೋಡುವ ಆಟಗಳೂ ಇವೆ. ಸಾಲಿಗ್ರಾಮ, ಪೆರ್ಡೂರು ಮೇಳಗಳು ಟೆಂಟ್ ಮೇಳಗಳು. ಹೊಸ ಪ್ರಸಂಗ ಅಂದರೆ ಹೊಸ ಕಥೆ, ಹೆಸರುವಾಸಿ ಕಲಾವಿದರು, ಜಗಮಗ ಲೈಟು.

ಹುಡುಕುವುದು ಹೇಗೆ? ಇಲ್ಲಿನ ದಿನಪತ್ರಿಕೆ ತೆಗೆದು ಸ್ಥಳೀಯ ಸುದ್ದಿಯ ಪುಟ ನೋಡಿ. ಇವತ್ತು ಯಾವ ಮೇಳ ಎಲ್ಲಿ ಅಂತ ಚಿಕ್ಕ ಅಕ್ಷರದಲ್ಲಿ ಹಾಕಿರುತ್ತಾರೆ. ಇಲ್ಲ ಅಂದರೆ ಹೋಟೆಲಿನಲ್ಲಿ ಚಹಾ ಕೊಡುವವರನ್ನೋ ರಿಕ್ಷಾದವರನ್ನೋ ಕೇಳಿ. "ಇವತ್ತು ಹತ್ತಿರ ಎಲ್ಲಾದರೂ ಆಟ ಉಂಟಾ?" ಅಂದರೆ ಸಾಕು, ಮೇಳ ಯಾವುದು, ಹಾಡುವ ಭಾಗವತರು ಯಾರು ಅಂತ ಅವರೇ ಹೇಳುತ್ತಾರೆ.

[ದೃಶ್ಯ: ಚೌಕಿ, ಸಾಲಾಗಿ ಕೂತ ವೇಷಧಾರಿಗಳು, ಚಿಕ್ಕ ಕನ್ನಡಿಗಳು]

ಸ್ವಲ್ಪ ಬೇಗ ಹೋಗಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ರಂಗಸ್ಥಳದಿಂದ ಸ್ವಲ್ಪ ಹಿಂದೆ ಚೌಕಿ ಇರುತ್ತದೆ, ವೇಷ ಕಟ್ಟುವ ಜಾಗ. ಅಲ್ಲಿ ದೇವರನ್ನು ಇಟ್ಟಿರುತ್ತಾರೆ, ಚಪ್ಪಲಿ ಹೊರಗೇ ಬಿಡಿ. ಒಬ್ಬರನ್ನು ಕೇಳಿಕೊಂಡು ಒಳಗೆ ಹೋಗಿ ಒಂದು ಮೂಲೆಯಲ್ಲಿ ಸುಮ್ನೆ ನಿಂತರೆ ಯಾರೂ ಬೇಡ ಅನ್ನುವುದಿಲ್ಲ. ಕಲಾವಿದರು ಸಾಲಾಗಿ ನೆಲದ ಮೇಲೆ ಕೂತು, ಎದುರಿಗೊಂದು ಕನ್ನಡಿ ಇಟ್ಟುಕೊಂಡು, ತಮ್ಮ ಮುಖಕ್ಕೆ ತಾವೇ ಬಣ್ಣ ಹಾಕಿಕೊಳ್ಳುತ್ತಿರುತ್ತಾರೆ. ಅವರಲ್ಲಿ ಬಣ್ಣದ ವೇಷದವರು ಯಾರು ಅಂತ ಹುಡುಕಿ, ಅಂದರೆ ರಾಕ್ಷಸ ಪಾತ್ರದವರು. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿ, ಅದನ್ನು ಕಡ್ಡಿಯಲ್ಲಿ ಚೂರೇ ಚೂರು ಎತ್ತಿ ಮುಖದ ಮೇಲೆ ಮುಳ್ಳಿನ ಹಾಗೆ ಒಂದೊಂದಾಗಿ ಇಡುತ್ತಾರೆ. ಇದಕ್ಕೆ ಚಿಟ್ಟಿ ಅನ್ನುತ್ತಾರೆ. ಒಂದು ಸಾಲು ಒಣಗುವ ತನಕ ಮಾತಿಲ್ಲ, ನಗು ಇಲ್ಲ, ಕೆನ್ನೆ ಅಲ್ಲಾಡಿಸುವ ಹಾಗಿಲ್ಲ. ಪಕ್ಕದಲ್ಲಿ ಸ್ತ್ರೀವೇಷದವರು ಸೀರೆ ಉಟ್ಟು, ಜಡೆ ಕಟ್ಟಿ, ಮೊಬೈಲಿನಲ್ಲಿ ಮನೆಯವರ ಹತ್ತಿರ ಮಾತಾಡುತ್ತಿದ್ದರೂ ಈ ಮನುಷ್ಯ ಮಾತ್ರ ಗಂಟೆಗಟ್ಟಲೆ ಹಾಗೇ ಕೂತಿರುತ್ತಾರೆ, ರಂಗಕ್ಕೆ ಬರುವುದು ತುಂಬ ತಡವಾಗಿ, ಅದೂ ಎಷ್ಟೋ ಸಲ ಸ್ವಲ್ಪ ಹೊತ್ತಿಗೆ. ಮುಂದೆ ಆಟದಲ್ಲಿ ಆ ಮುಖ ಕಂಡಾಗ ನಿಮಗೆ ಬೇರೆಯೇ ಗೌರವ ಬರುತ್ತದೆ.

ಆಟ ನೋಡುವಾಗ ಒಂದು ವಿಷಯ ಗೊತ್ತಿದ್ದರೆ ಚೆನ್ನ. ಭಾಗವತರು ಹಾಡುವ ಪದ್ಯ ಮೊದಲೇ ಬರೆದದ್ದು, ಪ್ರಸಂಗದ ಪುಸ್ತಕದಲ್ಲಿ ಇರುತ್ತದೆ. ಪಾತ್ರಧಾರಿ ಆಡುವ ಮಾತು ಇದೆಯಲ್ಲ, ಅದು ಬರೆದದ್ದಲ್ಲ. ಪದ್ಯದ ಅರ್ಥವನ್ನು ಅವರು ಅಲ್ಲೇ, ಎದುರಿನ ಪಾತ್ರಧಾರಿ ಏನು ಹೇಳುತ್ತಾರೆ ಅನ್ನುವುದನ್ನು ನೋಡಿಕೊಂಡು ಕಟ್ಟುತ್ತಾರೆ. ಅದಕ್ಕೇ ನಮ್ಮೂರಿನವರು ಒಂದೇ ಪ್ರಸಂಗವನ್ನು ಮತ್ತೆ ಮತ್ತೆ ನೋಡುವುದು. ಕಥೆ ಎಲ್ಲರಿಗೂ ಗೊತ್ತು, ಈ ರಾತ್ರಿ ಕೌರವ ಭೀಮನಿಗೆ ಏನು ಉತ್ತರ ಕೊಡುತ್ತಾನೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಪ್ರಸಂಗದ ಹೆಸರು ಗೊತ್ತಾದ ಮೇಲೆ ಅದರ ಕಥೆಯನ್ನು ಫೋನಿನಲ್ಲಿ ಒಮ್ಮೆ ಓದಿಕೊಂಡು ಹೋಗಿ, ಮಕ್ಕಳಿಗೂ ಹೇಳಿ. ತುಳು ಪ್ರಸಂಗವಾದರೆ ಪಕ್ಕದಲ್ಲಿ ಕೂತವರು ಹೇಳಿಕೊಡುತ್ತಾರೆ.

ಯಕ್ಷಗಾನದಲ್ಲಿ ಎರಡು ಶೈಲಿ: ಮಂಗಳೂರು ಕಡೆ ತೆಂಕುತಿಟ್ಟು, ಕುಂದಾಪುರ ಕಡೆ ಬಡಗುತಿಟ್ಟು. ವ್ಯತ್ಯಾಸ ವಿವರಿಸುವುದಕ್ಕೆ ಬೇರೆ ವಿಡಿಯೋ ಬೇಕು. ಸದ್ಯಕ್ಕೆ ಇಷ್ಟು ನೋಡಿಕೊಳ್ಳಿ: ತೆಂಕಿನಲ್ಲಿ ಕಿರೀಟ ಹೆಚ್ಚು, ಗಿರಗಿರ ತಿರುಗುವ ಧೀಂಗಿಣ ಇದೆ, ಭಾಗವತರ ಕೈಯಲ್ಲಿ ಜಾಗಟೆ. ಬಡಗಿನಲ್ಲಿ ವೀರ ಪಾತ್ರಗಳು ಮುಂಡಾಸು ಕಟ್ಟುತ್ತವೆ, ಭಾಗವತರ ಕೈಯಲ್ಲಿ ತಾಳ. ನಾಲ್ಕು ದಿನ ಇರುವವರು ಎರಡನ್ನೂ ಒಂದೊಂದು ರಾತ್ರಿ ನೋಡಬಹುದು.

[ದೃಶ್ಯ: ಕತ್ತಲಲ್ಲಿ ದೊಂದಿಯ ಬೆಂಕಿ, ಎದ್ದು ನಿಂತ ಜನ]

ಒಂದೇ ಆಟ ನೋಡಲು ಸಾಧ್ಯ ಅನ್ನುವವರಿಗೆ ನನ್ನ ಆಯ್ಕೆ ಕಟೀಲು ಮೇಳದ ದೇವಿ ಮಹಾತ್ಮೆ. ಅದರಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಜನರ ಹಿಂದಿನಿಂದ, ದೂರದ ಕತ್ತಲಿಂದ ಬರುತ್ತಾನೆ. ದೊಂದಿ ಹಿಡಿದವರು ರಾಳದ ಪುಡಿ ಎರಚಿದಾಗ ಭಗ್ ಅಂತ ಬೆಂಕಿ ಏಳುತ್ತದೆ, ಆ ಬೆಳಕಲ್ಲಿ ಎರಡು ಕೊಂಬು ಕಾಣುತ್ತವೆ, ಮಲಗಿದ್ದ ಮಕ್ಕಳೆಲ್ಲ ಎದ್ದು ಅಮ್ಮಂದಿರ ಸೆರಗು ಹಿಡಿಯುತ್ತಾರೆ. ಊರಿನ ಜನ ಬೊಬ್ಬೆ ಹೊಡೆಯುತ್ತ ಅವನನ್ನು ರಂಗಕ್ಕೆ ಕರೆದುಕೊಂಡು ಬರುತ್ತಾರೆ. ಸೀಟು ಹಿಡಿಯುವಾಗ ನಡುವಿನ ದಾರಿಯ ಪಕ್ಕ ಕೂರಿ.

ಮೊದಲಾದರೆ ಆಟ ಅಂದರೆ ಬೆಳಗಿನವರೆಗೆ. ಈಗ ತುಂಬ ಮೇಳಗಳು ಕಾಲಮಿತಿಗೆ ಬಂದಿವೆ, ಸಂಜೆ ಶುರುವಾಗಿ ಮಧ್ಯರಾತ್ರಿ ಸುಮಾರಿಗೆ ಮುಗಿಯುತ್ತದೆ. ಕಥೆ ಶುರುವಾಗುವ ಮೊದಲು ಕೋಡಂಗಿ, ಬಾಲಗೋಪಾಲ ಬರುವ ಪೂರ್ವರಂಗ ಇದರಿಂದ ಕಿರಿದಾಯಿತು, ಅದು ನಷ್ಟವೇ ಅಂತ ನನ್ನ ಅಭಿಪ್ರಾಯ. ಆದರೆ ಮಕ್ಕಳನ್ನು ಕರೆದುಕೊಂಡು ಬರುವ ಪ್ರವಾಸಿಗರಿಗೆ ಅನುಕೂಲ ಆಗಿದೆ, ಅದೂ ನಿಜ ಅಲ್ವಾ? ವಾಪಸ್ ಬರಲು ಮಾತ್ರ ಬಸ್ಸನ್ನು ನಂಬಬೇಡಿ. ಗಾಡಿ ಮೊದಲೇ ಮಾತಾಡಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಗುಡುಗು ಮಳೆ ಇದ್ದಕ್ಕಿದ್ದ ಹಾಗೆ ಬರುತ್ತದೆ, ಕೊಡೆ ಬೇಕು. ಕೂರಲು ಒಂದು ಬೆಡ್‌ಶೀಟ್, ಕುಡಿಯಲು ನೀರು. ಹಸಿವಾದರೆ ಚರುಮುರಿ ಗಾಡಿ ಪಕ್ಕದಲ್ಲೇ ಇರುತ್ತದೆ.

ಕೋಲ, ನೇಮದ ವಿಷಯ ಬೇರೆ. ಕಾಂತಾರ ಸಿನಿಮಾ ನೋಡಿದ ಮೇಲೆ ಅದನ್ನು ಹುಡುಕಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ದಯವಿಟ್ಟು ಕೇಳಿ, ಅದು ಪ್ರದರ್ಶನ ಅಲ್ಲ, ದೈವಾರಾಧನೆ. ಯಾರಾದರೂ ಕರೆದರೆ ಹೋಗಿ, ಹಿಂದೆ ನಿಲ್ಲಿ, ಫೋನ್ ಜೇಬಿನಲ್ಲೇ ಇರಲಿ. ಅದರ ನಕಲು ಮಾಡಿ ರೀಲ್ಸ್ ಹಾಕುವುದು ಇಲ್ಲಿನವರಿಗೆ ನಿಜವಾಗಿ ನೋವು ಕೊಡುತ್ತದೆ.

[ದೃಶ್ಯ: ಕಟೀಲು ಜಾತ್ರೆ, ನಂದಿನಿ ನದಿ]

ಜಾತ್ರೆಗಳೂ ಇದೇ ಕಾಲಕ್ಕೆ. ಏಪ್ರಿಲ್ ನಡುವಿನಲ್ಲಿ ಕಟೀಲಿನಲ್ಲಿ ಎಂಟು ದಿನದ ಜಾತ್ರೆ. ಕೊನೆಯ ರಾತ್ರಿ ಅತ್ತೂರು, ಕೊಡೆತ್ತೂರು ಎರಡೂ ಕಡೆಯವರು ಉರಿಯುವ ಗರಿಯ ಸೂಟೆಗಳನ್ನು ಒಬ್ಬರ ಮೇಲೊಬ್ಬರು ಎಸೆಯುವ ತೂಟೆದಾರ ನಡೆಯುತ್ತದೆ, ದೂರದಿಂದ ನೋಡಿ. ಪೊಳಲಿಯಲ್ಲಿ ಮಾರ್ಚಿಯಿಂದ ಏಪ್ರಿಲ್‌ವರೆಗೆ ಹೆಚ್ಚುಕಮ್ಮಿ ಒಂದು ತಿಂಗಳ ಜಾತ್ರೆ, ಅದರಲ್ಲಿ ಐದು ದಿನ ಚೆಂಡು, ಅಂದರೆ ಚೆಂಡಾಟ. ಉಡುಪಿಯಲ್ಲೇ ಉಳಿದವರು ಸಂಜೆ ರಥಬೀದಿಗೆ ಒಂದು ಸುತ್ತು ಹಾಕಿ, ಮಠದ ರಾಜಾಂಗಣದಲ್ಲಿ ನೃತ್ಯವೋ ಸಂಗೀತವೋ ಇರುತ್ತದೆ. ಮಂಗಳೂರಿನಲ್ಲಾದರೆ ಟೌನ್‌ಹಾಲ್, ಅಂದರೆ ಕುದ್ಮುಲ್ ರಂಗರಾವ್ ಪುರಭವನದಲ್ಲಿ ತುಳು ನಾಟಕ ಇದೆಯಾ ವಿಚಾರಿಸಿ. ತಿಂಗಳ ಮೊದಲ ಭಾನುವಾರ ಇದ್ದರೆ ಶಕ್ತಿನಗರದ ಕಲಾಂಗಣ್‌ಗೆ ಹೋಗಿ, ಮಾಂಡ್ ಸೊಭಾಣ್ ಸಂಸ್ಥೆಯವರ ಕೊಂಕಣಿ ಕಾರ್ಯಕ್ರಮ ಪ್ರತಿ ತಿಂಗಳೂ ಇರುತ್ತದೆ.

ಯಕ್ಷಗಾನ ಹೇಗೆ ಕಲಿಸುತ್ತಾರೆ ಅಂತ ಕುತೂಹಲ ಇರುವವರಿಗೆ ಉಡುಪಿಯ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಇದೆ. 1971ರಲ್ಲಿ ಶುರುವಾದದ್ದು, ಶಿವರಾಮ ಕಾರಂತರು ದುಡಿದ ಜಾಗ.

ರಜೆ ಸಿಗುವುದೇ ಜೂನ್ ನಂತರ ಅನ್ನುವವರಿಗೆ ಎರಡು ದಾರಿ ಇವೆ. ಮಳೆಗಾಲದಲ್ಲಿ ಸಭಾಭವನಗಳಲ್ಲಿ ತಾಳಮದ್ದಳೆ ಆಗುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ್ಯ ಮತ್ತು ಮಾತು ಮಾತ್ರ. ಇನ್ನೊಂದು ಚಿಕ್ಕಮೇಳ. ಭಾಗವತರು, ಚೆಂಡೆ, ಮದ್ದಳೆ, ಒಂದೆರಡು ವೇಷ, ಇಷ್ಟೇ ಜನ ಸಂಜೆ ದೀಪ ಹಚ್ಚಿದ ಮೇಲೆ ಮನೆಮನೆಗೆ ಬಂದು ಒಂದು ಸಣ್ಣ ಸನ್ನಿವೇಶ ಆಡಿ ಹೋಗುತ್ತಾರೆ. ನೀವು ಇಲ್ಲಿ ಯಾರದ್ದಾದರೂ ಮನೆಯಲ್ಲಿ ಉಳಿಯುವವರಾದರೆ, ನಿಮ್ಮ ಬೀದಿಗೆ ಚಿಕ್ಕಮೇಳ ಯಾವತ್ತು ಬರುತ್ತದೆ ಅಂತ ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ.