ಹಿಮದಲ್ಲಿ ಓಡಿದ ನರ್ಸ್, ಗುರಿ ತಪ್ಪಿದ ಜರ್ಮನ್ನರು

[ಹಳೇ ಕಪ್ಪು-ಬಿಳುಪು ದೃಶ್ಯ: ಹಿಮ, ಮುರಿದ ಮನೆಗಳು]

ಬಾಂಬ್ ದಾಳಿಯಲ್ಲಿ ತೀರಿಹೋದಳು ಅಂತ ಎಷ್ಟೋ ಜನ ನಂಬಿದ್ದ ನರ್ಸ್ ಒಬ್ಬರು, ಬ್ರಸೆಲ್ಸ್ ಹತ್ತಿರದ ವೃದ್ಧಾಶ್ರಮದಲ್ಲಿ ಸುಮ್ಮನೆ ಕೂತಿದ್ರು. ಹಾಗಾದ್ರೆ ಅವತ್ತು ಸತ್ತಿದ್ದು ಯಾರು?

ಹಿನ್ನೆಲೆ ಬೇಗ ಮುಗಿಸ್ತೀನಿ. 1944ರ ಡಿಸೆಂಬರ್, ಬೆಲ್ಜಿಯಂನ ಬಾಸ್ಟೋನ್. ಊರೊಳಗೆ ಅಮೆರಿಕನ್ನರು, ಸುತ್ತ ಜರ್ಮನ್ನರು. ಟ್ಯಾಂಕ್ ಲೆಕ್ಕ ಕೊಡೋ ಚಾನೆಲ್‌ಗಳು ಬೇಕಾದಷ್ಟಿವೆ, ಅಲ್ಲಿ ನೋಡ್ಕೊಳ್ಳಿ.

ಆ ನರ್ಸ್, ಆಗಸ್ಟಾ ಚಿವಿಗೆ ಆಗ 23. ಅಮ್ಮ ಆಫ್ರಿಕಾದವರು, ಅಪ್ಪ ಬೆಲ್ಜಿಯಂನ ಪಶುವೈದ್ಯ. ಕ್ರಿಸ್‌ಮಸ್ಸಿಗೆ ಅಪ್ಪನ ಮನೆಗೆ ಬಂದಿದ್ದು 16ನೇ ತಾರೀಖು. ಜರ್ಮನ್ ದಾಳಿ ಶುರುವಾಗಿದ್ದೂ ಅವತ್ತೇ! ಅಮೆರಿಕನ್ ಸೇನೆಯ ಡಾಕ್ಟರ್ ಜಾಕ್ ಪ್ರಯರ್, ಗಾಯಾಳುಗಳ ಆಸ್ಪತ್ರೆಗೆ ಬನ್ನಿ ಅಂತ ಕರೆದ್ರು. ಹೋದ್ರು. ತಲೆಗೋ ಹೊಟ್ಟೆಗೋ ಪೆಟ್ಟು ಬಿದ್ದವರಿಗೆ ಅಲ್ಲಿ ಆಪರೇಷನ್ನೇ ಇಲ್ಲ. ಸಾಯೋವರೆಗೂ ಪಕ್ಕದಲ್ಲಿ ಕೂರೋದು, ಅಷ್ಟೇ.

ಅಂಥದ್ರಲ್ಲೂ ಕೆಲವು ಬಿಳಿ ಸೈನಿಕರು, ಕರಿಯ ಹೆಂಗಸು ನಮ್ಮನ್ನ ಮುಟ್ಟಬಾರದು ಅಂದ್ರಂತೆ. ಜೀವ ಹೋಗ್ತಿದೆ, ಮಡಿ ಬಿಟ್ಟಿಲ್ಲ! ಪ್ರಯರ್ ಕಡ್ಡಿ ಮುರಿದ ಹಾಗೆ ಹೇಳಿದ್ರು: ಮುಟ್ಟಿಸ್ಕೊಳ್ಳಿ, ಇಲ್ಲಾ ಸಾಯಿರಿ.

ಈಗ ನನ್ನ ಫೇವರಿಟ್ ಭಾಗ. ಬಟ್ಟೆಯೆಲ್ಲ ರಕ್ತ ಆಗಿ ಆಕೆ ಅಮೆರಿಕನ್ ಯೂನಿಫಾರ್ಮ್ ಹಾಕ್ಕೊಂಡಿದ್ರು. ಆ ವೇಷದಲ್ಲಿ ಜರ್ಮನ್ನರ ಕೈಗೆ ಸಿಕ್ಕಿದ್ರೆ ಕಥೆ ಮುಗೀತು. ಆದ್ರೂ ಗುಂಡು ಹಾರ್ತಿರೋ ಬಯಲಿಗೆ ಹೋಗಿ ಗಾಯಾಳುಗಳನ್ನ ಎತ್ಕೊಂಡು ಬಂದ್ರು. ನೀನು ಇಷ್ಟು ಕುಳ್ಳಿ, ಅದಕ್ಕೇ ಗುಂಡು ತಾಗಿಲ್ಲ ಅಂತ ಪ್ರಯರ್ ರೇಗಿಸಿದ್ರೆ ಆಕೆ ಏನಂದ್ರು ಗೊತ್ತಾ? ಇಷ್ಟು ಬಿಳಿ ಹಿಮದಲ್ಲಿ ಈ ಕಪ್ಪು ಮುಖ ಕಾಣಿಸಲ್ವಾ, ಜರ್ಮನ್ನರಿಗೆ ಗುರಿ ಇಡೋಕೇ ಬರಲ್ಲ ಅಂತ! ಒಂದು ಸಲ ಕಲ್ಪಿಸ್ಕೊಳ್ಳಿ. ಕೈಯೆಲ್ಲ ರಕ್ತ, ಹೊರಗೆ ಮೂಳೆ ಕೊರೆಯೋ ಚಳಿ, ಈ ಹುಡುಗಿ ಶತ್ರುವಿನ ಗುರಿಗೆ ಮಾರ್ಕ್ಸ್ ಹಾಕ್ತಿದಾಳೆ. ಅದೂ ಫೇಲ್.

[ಸ್ವಲ್ಪ ಮೌನ]

ಡಿಸೆಂಬರ್ 24ರ ರಾತ್ರಿ. ಆಗಸ್ಟಾ ಆಸ್ಪತ್ರೆ ಪಕ್ಕದ ಕಟ್ಟಡದಲ್ಲಿ ಪ್ರಯರ್ ಜೊತೆ ಇದ್ರು, ಶಾಂಪೇನ್ ಬಾಟಲಿ ತೆಗೀತಿದ್ರು. ಬಾಂಬ್ ಬಿತ್ತು. ಆಗಸ್ಟಾ ಗೋಡೆ ಸಮೇತ ಆಚೆ ಹಾರಿ ಬಿದ್ರು, ಎದ್ರು. ಆಸ್ಪತ್ರೆಯಲ್ಲಿದ್ದ ಸುಮಾರು 30 ಗಾಯಾಳುಗಳು ಏಳಲಿಲ್ಲ. ಅವರ ಜೊತೆ ಇನ್ನೊಬ್ಬ ನರ್ಸ್, ರೆನೆ ಲೆಮೇರ್ ಕೂಡ. ಮದುವೆ ಉಡುಪು ಹೊಲಿಸ್ಕೊಳ್ಳೋಕೆ ಒಂದು ಪ್ಯಾರಾಚೂಟ್ ಬಟ್ಟೆ ಬೇಕು ಅಂತ ಆಸೆಪಟ್ಟಿದ್ದ ಹುಡುಗಿ. ಪ್ರಯರ್ ಆಕೆಯ ದೇಹವನ್ನ ಬಿಳಿ ಪ್ಯಾರಾಚೂಟಿನಲ್ಲೇ ಸುತ್ತಿ ಅಪ್ಪ-ಅಮ್ಮನಿಗೆ ಒಪ್ಪಿಸಿದ್ರು.

ಟೈಮ್ ಆಯ್ತು, ಉಳಿದಿದ್ದು ಓಡಿಸ್ತೀನಿ. 26ಕ್ಕೆ ಮುತ್ತಿಗೆ ಮುರೀತು. ಯುದ್ಧ ಮುಗಿದ ಮೇಲೂ ಆಗಸ್ಟಾ ನರ್ಸ್ ಆಗೇ ದುಡಿದ್ರು, ಬಾಸ್ಟೋನ್ ಬಗ್ಗೆ ಬಾಯಿ ಬಿಟ್ಟಿದ್ದೇ ಕಮ್ಮಿ. ಬ್ರಿಟಿಷ್ ಇತಿಹಾಸಕಾರ ಮಾರ್ಟಿನ್ ಕಿಂಗ್ ಹುಡುಕ್ಕೊಂಡು ಬಂದ ಮೇಲೆ, 2011ರಲ್ಲಿ ಬೆಲ್ಜಿಯಂ ದೊರೆ ನೈಟ್ ಪದವಿ ಕೊಟ್ರು, ಅದೇ ವರ್ಷ ಅಮೆರಿಕನ್ ಸೇನೆಯ ಪದಕವೂ ಬಂತು. ಆಗ ಆಕೆಗೆ 90.