ಸರಬಾಂಡ್‌ನ ಎರಡನೆಯ ಎಣಿಕೆ

ಕೇಳುಗರಿಗೆ ನಮಸ್ಕಾರ.

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವುದು ಬರೇ 20 ಆವರ್ತದ ಒಂದು ರಚನೆ. ಜರ್ಮನಿಯ ಸಂಗೀತ ರಚನೆಕಾರ ಯೊಹಾನ್ ಸೆಬಾಸ್ಟಿಯನ್ ಬಾಖ್, ಪಿಟೀಲಿನ ಬಳಗದ ತಗ್ಗುದನಿಯ ದೊಡ್ಡ ವಾದ್ಯವಾದ ಚೆಲ್ಲೊಗೆಂದು, ಪಕ್ಕವಾದ್ಯವೇ ಇಲ್ಲದೆ ಒಂಟಿಯಾಗಿ ನುಡಿಸುವ ಆರು ನೃತ್ಯಮಾಲಿಕೆಗಳನ್ನು ಬರೆದ. ಅವುಗಳಲ್ಲಿ ಐದನೆಯದು ಸಿ ಮೈನರ್ ಎಂಬ ಸ್ವರಶ್ರೇಣಿಯಲ್ಲಿದೆ. ಆ ಮಾಲಿಕೆಯಲ್ಲಿ ನಾಲ್ಕನೆಯದಾಗಿ ಬರುವ ಸರಬಾಂಡ್ ಎಂಬ ಮೂರೆಣಿಕೆಯ ನೃತ್ಯಭಾಗ ನನ್ನ ವಿಷಯ.

ಬಾಖ್ 1717ರಿಂದ 1723ರವರೆಗೆ ಜರ್ಮನಿಯ ಕ್ಯೋಥೆನ್‌ನಲ್ಲಿ ರಾಜಕುಮಾರ ಲಿಯೊಪೋಲ್ಡನ ಆಸ್ಥಾನದಲ್ಲಿದ್ದ. ಈ ಮಾಲಿಕೆಗಳು ಆ ವರ್ಷಗಳವು ಎಂದು ಸಾಮಾನ್ಯವಾಗಿ ನಂಬುತ್ತಾರೆ. ಚೆಲ್ಲೊಗೆ ಬರೆದ ಅವನ ಸ್ವಂತ ಕೈಬರಹದ ಪ್ರತಿ ಕಳೆದುಹೋಗಿದೆ. ಹೆಂಡತಿ ಆನ್ನಾ ಮಗ್ದಲೇನಾ ಮಾಡಿದ ನಕಲೇ ನಮಗೆ ದೊಡ್ಡ ಆಧಾರ. ಅದರಲ್ಲಿ ಈ ಭಾಗಕ್ಕೆ ನೃತ್ಯದ ಹೆಸರಿದೆ, ಕಾಲ ಇಷ್ಟು ಎಂಬ ಸೂಚನೆ ಇಲ್ಲ.

ಅದೇ ಯುಗದ ಇಟಲಿಯ ಸೊನಾಟಾ ಎಂಬ ವಾದ್ಯರಚನೆಗಳಲ್ಲಿ ಹಾಗಲ್ಲ. ವಿವಾಲ್ಡಿಯ ಇ ಮೈನರ್ ಚೆಲ್ಲೊ ಸೊನಾಟಾ ತೆಗೆದು ನೋಡಿ: ಲಾರ್ಗೊ ಅಂದರೆ ವಿಳಂಬ, ಅಲೆಗ್ರೊ ಅಂದರೆ ಚುರುಕು, ಮತ್ತೆ ಲಾರ್ಗೊ, ಮತ್ತೆ ಅಲೆಗ್ರೊ ಎಂದು ನಾಲ್ಕು ಭಾಗಕ್ಕೂ ಕಾಲ ನಮೂದಾಗಿದೆ. ಬಾಖ್‌ಗೆ ಇಲ್ಲಿ ಅದು ಬೇಕಿರಲಿಲ್ಲ. ಸರಬಾಂಡ್ ಎಂದರೆ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬುದು ಆಗಿನ ವಾದಕರಿಗೆ ಗೊತ್ತೇ ಇತ್ತು. ಆ ಹೆಜ್ಜೆಯ ನೆನಪು ನಮಗಿಲ್ಲ. ಹಾಗಾಗಿ ಇದನ್ನು ಎಷ್ಟು ವಿಳಂಬದಲ್ಲಿ ನುಡಿಸಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಇಂದು ಬಹಳ ಮಂದಿ ಇದನ್ನು ಅತಿಯಾಗಿ ಎಳೆಯುತ್ತಾರೆ. ಎಳೆದಷ್ಟೂ ಅದರ ದುಃಖ ತೆಳುವಾಗುತ್ತದೆ.

ಹೇಗೆ ಅಂತ ತೋರಿಸಬೇಕಾದರೆ ನೀವು ಸ್ವಲ್ಪ ಎಣಿಸಬೇಕು. ಒಂದು, ಎರಡು, ಮೂರು. ಒಂದು, ಎರಡು, ಮೂರು. ಸರಬಾಂಡ್‌ನಲ್ಲಿ ಒತ್ತು ಎರಡನೆಯ ಎಣಿಕೆಗೆ ವಾಲುತ್ತದೆ. ಸ್ಪೇನಿನಲ್ಲಿ ಮೊದಲು ಇದು ಬಿರುಸಿನ ಕುಣಿತ. ಅಶ್ಲೀಲವೆಂದು 1583ರಲ್ಲಿ ಅಲ್ಲಿ ನಿಷೇಧವೂ ಆಗಿತ್ತು. ಫ್ರಾನ್ಸಿನ ಅರಮನೆಗೆ ಬಂದ ಮೇಲೆ ಅದರ ನಡೆ ಗಂಭೀರವಾಯಿತು.

ಈಗ ನಮ್ಮ ರಚನೆಯ ಮೊದಲ ನಾಲ್ಕು ಸ್ವರ. ಸಿ ಎಂಬುದನ್ನು ಷಡ್ಜ ಎಂದಿಟ್ಟುಕೊಳ್ಳಿ. ಸಿ ಮೈನರ್‌ನ ಒಂದು ರೂಪದಲ್ಲಿ ಬರುವ ಸ್ವರಗಳು ನಮ್ಮ ಕೀರವಾಣಿಯ ಸ್ವರಗಳೇ. ಬಾಖ್ ಪಂಚಮದಲ್ಲಿ ಶುರುಮಾಡುತ್ತಾನೆ. ಅಲ್ಲಿಂದ ಸಾಧಾರಣ ಗಾಂಧಾರಕ್ಕೆ ಇಳಿಯುತ್ತಾನೆ. ಅಲ್ಲಿಂದ ಷಡ್ಜಕ್ಕೆ ಬಂದು ನಿಲ್ಲಬಹುದಿತ್ತು, ನಿಲ್ಲುವುದಿಲ್ಲ. ಷಡ್ಜವನ್ನು ದಾಟಿ ಅದರ ಕೆಳಗಿನ ಕಾಕಲಿ ನಿಷಾದಕ್ಕೆ ಹೋಗಿ, ಆಮೇಲೆ ಅರ್ಧ ಸ್ವರ ಮೇಲೆ ಬಂದು ಷಡ್ಜ ಮುಟ್ಟುತ್ತಾನೆ. ಪ, ಗ, ನಿ, ಸ. ಒಂದು ಎಣಿಕೆಗೆ ಎರಡು ಸ್ವರ. ಲೆಕ್ಕ ಹಾಕಿ ನೋಡಿ: ಎರಡನೆಯ ಎಣಿಕೆ ಬೀಳುವುದು ಸರಿಯಾಗಿ ಆ ನಿಷಾದದ ಮೇಲೆ. ಕುಣಿತದ ಭಾರವೆಲ್ಲ ನಿಲ್ಲಲು ನೆಲೆಯಿಲ್ಲದ ಸ್ವರದ ಮೇಲೆ ಬಿತ್ತು, ಷಡ್ಜ ಮಾತ್ರ ಒತ್ತಿಲ್ಲದ ಜಾಗದಲ್ಲಿ ಸುಮ್ಮನೆ ಬಂದು ಸೇರಿತು. ನನಗೆ ಈ ರಚನೆಯ ಸಂಕಟವೆಲ್ಲ ಇರುವುದು ಇಲ್ಲೇ.

ಎಣಿಕೆಯೇ ಕಿವಿಗೆ ಸಿಗದಷ್ಟು ನಿಧಾನವಾದರೆ ಏನಾಗುತ್ತದೆ? ಎರಡನೆಯ ಎಣಿಕೆ ಯಾವುದೆಂದು ತಿಳಿಯುವುದಿಲ್ಲ. ನಿಷಾದ ಮತ್ತು ಷಡ್ಜ ಒಂದರ ಪಕ್ಕ ಒಂದಿರುವ ಎರಡು ಉದ್ದನೆಯ ಸ್ವರಗಳಾಗುತ್ತವೆ, ಅಷ್ಟೆ. ನಾದ ಚೆನ್ನಾಗಿಯೇ ಇರಬಹುದು, ಆದರೆ ತಾಕುವುದಿಲ್ಲ.

ಇನ್ನೊಂದು ವಿಶೇಷ. ಉಳಿದ ಐದು ಮಾಲಿಕೆಗಳ ಸರಬಾಂಡ್‌ಗಳಲ್ಲಿ ಬಾಖ್ ಎರಡು ಮೂರು ತಂತಿಗಳನ್ನು ಒಟ್ಟಿಗೆ ನುಡಿಸಿ ನಾದವನ್ನು ತುಂಬುತ್ತಾನೆ. ಇದರಲ್ಲಿ ಮಾತ್ರ ಮೊದಲಿಂದ ಕೊನೆಯವರೆಗೆ ಒಂದು ಹೊತ್ತಿಗೆ ಒಂದೇ ಸ್ವರ. ಆಧಾರವಾಗಿ ಕೆಳಗಿರಬೇಕಾದ ಸ್ವರಗಳನ್ನೆಲ್ಲ ಕೇಳುವವನೇ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಅದಕ್ಕೂ ಕಾಲ ಹದವಾಗಿರಬೇಕು. ಕೆಳಗಿನ ಸ್ವರವೊಂದು ನೆನಪಿನಲ್ಲಿ ಇರುವಾಗಲೇ ಮೇಲಿನದು ಬಂದರೆ ಎರಡೂ ಕೂಡಿ ಕೇಳಿಸುತ್ತವೆ. ತಡವಾದರೆ ಮೊದಲನೆಯದು ಅಳಿಸಿಹೋಗಿರುತ್ತದೆ.

ಶ್ರುತಿ ಮಾಡುವ ಬಗೆಯೂ ಇಲ್ಲಿ ಬೇರೆ. ಚೆಲ್ಲೊದ ತಂತಿಗಳು ಮಾಮೂಲಾಗಿ ಸಿ, ಜಿ, ಡಿ, ಎ. ಈ ಮಾಲಿಕೆಗೆ ಎಲ್ಲಕ್ಕಿಂತ ಮೇಲಿನ ಎ ತಂತಿಯನ್ನು ಸಡಿಲಿಸಿ ಜಿಗೆ ಇಳಿಸಬೇಕು. ನಮ್ಮ ಲೆಕ್ಕದಲ್ಲಿ ಸ, ಪ, ರಿ, ಪ. ಬಿಗಿ ತಗ್ಗಿದ ತಂತಿಯ ಹೊಳಪು ಕಡಿಮೆಯಾಗುತ್ತದೆ, ಎರಡು ಪಂಚಮಗಳು ಒಂದಕ್ಕೊಂದು ಅನುರಣಿಸಿ ನಾದ ದಟ್ಟವಾಗುತ್ತದೆ. ಈಗ ಹಲವರು ಅನುಕೂಲಕ್ಕೆ ಮಾಮೂಲಿ ಶ್ರುತಿಯಲ್ಲೇ ನುಡಿಸುತ್ತಾರೆ. ಕರುಳಿನ ತಂತಿ ಕಟ್ಟಿ, ಬಾಖ್ ಹೇಳಿದಂತೆ ಇಳಿಸಿ ನುಡಿಸಿದ್ದನ್ನು ಒಮ್ಮೆ ಕೇಳಿ. ಆ ಮಸುಕು ಬಣ್ಣ ತಂತಿಯಿಂದಲೇ ಬರುತ್ತದೆ. ಅದಕ್ಕಾಗಿ ಕಾಲವನ್ನು ಹಿಗ್ಗಿಸುವ ಅಗತ್ಯವೇ ಬೀಳುವುದಿಲ್ಲ.

ಹಾಗಾದರೆ ಕಾಲ ಎಷ್ಟು? ಕ್ವಾಂಟ್ಸ್ ಎಂಬ ಕೊಳಲು ವಿದ್ವಾಂಸ 1752ರಲ್ಲಿ ಬರ್ಲಿನ್‌ನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಡಿಮಿಡಿತದ ಲೆಕ್ಕ ಕೊಟ್ಟಿದ್ದಾನೆ. ನಿಮಿಷಕ್ಕೆ 80 ಮಿಡಿತ, ಸರಬಾಂಡ್‌ನ ಒಂದು ಎಣಿಕೆಗೆ ಒಂದು ಮಿಡಿತ. ನಮ್ಮ ರಚನೆಯಲ್ಲಿ 20 ಆವರ್ತಕ್ಕೆ 60 ಎಣಿಕೆ. ಎರಡೂ ಅರ್ಧಗಳನ್ನು ಮರಳಿ ನುಡಿಸಿದರೆ 120. ಕ್ವಾಂಟ್ಸ್‌ನ ಪ್ರಕಾರ ಒಂದೂವರೆ ನಿಮಿಷದಲ್ಲಿ ಮುಗಿಯಬೇಕು! ಇಂದಿನ ಧ್ವನಿಮುದ್ರಣಗಳಲ್ಲಿ ಮೂರು ನಿಮಿಷ ದಾಟುವುದು ತೀರ ಸಾಮಾನ್ಯ. ಕ್ವಾಂಟ್ಸ್ ಹೇಳಿದ್ದೇ ಶಾಸನ ಎಂದು ನಾನು ಹೇಳುವುದಿಲ್ಲ. ಅವನು ಬರೆದದ್ದು ಸುಮಾರು ಮೂವತ್ತು ವರ್ಷದ ನಂತರ, ಬೇರೆ ಊರಿನಲ್ಲಿ. ಅವನ ಓಟದಲ್ಲಿ ಈ ರಚನೆಗೆ ಉಸಿರಾಡಲು ಜಾಗ ಸಾಲದು ಅಂತ ನನಗೂ ಅನಿಸುತ್ತದೆ. ಆದರೆ ಎರಡರ ನಡುವೆ, ಎಣಿಕೆ ಮೈಗೆ ತಿಳಿಯುವಂಥ ಒಂದು ನಡೆ ಖಂಡಿತ ಇದೆ.

ಭಾವದ ವಿಷಯಕ್ಕೆ ಬಂದರೆ, ಹ್ಯಾಂಬರ್ಗ್‌ನ ಸಂಗೀತ ಬರಹಗಾರ ಮಾಟೆಸನ್ 1713ರಲ್ಲೇ ಸಿ ಮೈನರ್ ಬಗ್ಗೆ ಬರೆದಿದ್ದ. ಅದು ಬಹಳ ಮಧುರ, ಜೊತೆಗೆ ದುಃಖದ್ದೂ ಹೌದು ಎಂದ. ಆ ಮೃದುತ್ವ ಅತಿಯಾದರೆ ಕೇಳುವವರಿಗೆ ಜೊಂಪು ಹತ್ತೀತು, ಸ್ವಲ್ಪ ಲವಲವಿಕೆಯ ನಡೆ ಕೊಡುವುದು ಒಳ್ಳೆಯದು ಎಂದೂ ಎಚ್ಚರಿಸಿದ. ಬಾಖ್‌ನ ಮೊದಲ ಹೆಂಡತಿ ಮರಿಯಾ ಬಾರ್ಬರಾ ತೀರಿಕೊಂಡದ್ದು 1720ರಲ್ಲಿ, ಅವನು ಊರಲ್ಲಿಲ್ಲದಾಗ. ಈ ರಚನೆಯನ್ನು ಆ ಸಾವಿಗೆ ಕಟ್ಟಿಹಾಕುವವರಿದ್ದಾರೆ. ಅದಕ್ಕೆ ದಾಖಲೆ ಇಲ್ಲ. ಇಲ್ಲದ ಕಥೆಯನ್ನು ತಲೆಯಲ್ಲಿಟ್ಟುಕೊಂಡರೆ ಕೈ ತಾನಾಗಿ ನಿಧಾನವಾಗುತ್ತದೆ.

2002ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ, ಹಿಂದಿನ ವರ್ಷದ ದಾಳಿಯಲ್ಲಿ ಮಡಿದವರ ಹೆಸರು ಓದುವಾಗ ಚೆಲ್ಲೊ ವಾದಕ ಯೊ-ಯೊ ಮಾ ಈ ಸರಬಾಂಡ್ ನುಡಿಸಿದರು. ಅಲ್ಲಿ ಅದು ಒಂಟಿಯಾಗಿ ನಿಂತದ್ದು ಸರಿಯೇ. ಮನೆಯಲ್ಲಿ ಕೇಳುವಾಗ ಮಾತ್ರ ಅಲ್ಲಿಗೇ ನಿಲ್ಲಿಸಬೇಡಿ. ಹಿಂದೆಯೇ ಗವೋಟ್ ಎಂಬ ಎರಡು ಕುಣಿತಗಳಿವೆ, ಅದೇ ಸಿ ಮೈನರ್‌ನಲ್ಲಿ. ಮೊದಲನೆಯದು ಗಟ್ಟಿ ಹೆಜ್ಜೆಯದು. ಅಲ್ಲಿ ತಂತಿಗಳು ಮತ್ತೆ ಜೊತೆಯಾಗಿ ನುಡಿಯುತ್ತವೆ. ಸರಬಾಂಡ್ ಸರಿಯಾದ ನಡೆಯಲ್ಲಿದ್ದರೆ ಈ ಕುಣಿತ ಅದರಿಂದಲೇ ಎದ್ದು ಬಂದಂತೆ ಕೇಳುತ್ತದೆ. ಬೇರೆ ಬೇರೆ ಕಲಾವಿದರ ಧ್ವನಿಮುದ್ರಣಗಳನ್ನು ಈ ಒಂದು ತಿರುವಿನಲ್ಲಿ ಹೋಲಿಸಿ ನೋಡಿ. ನಮಸ್ಕಾರ.