ಗ್ಲೌಸ್ ಮಣ್ಣು ಮುಟ್ಟಲಿ

ನಮಸ್ಕಾರ. ಜನವರಿಯಲ್ಲಿ ಒಂದು ವಾರ ಸಂಚಿಕೆ ಬರಲಿಲ್ಲ, ಎಲ್ಲಿ ಹೋಗಿದ್ರಿ ಅಂತ ತುಂಬ ಜನ ಕೇಳಿದ್ರಿ. ಫ್ಲೋರಿಡಾಕ್ಕೆ ಹೋಗಿದ್ದೆ, ಬೇಸ್‌ಬಾಲ್ ಆಡೋಕೆ. ಹೌದು, ಆಡೋಕೆ. ನನಗೀಗ 48 ವರ್ಷ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಪಂದ್ಯಾವಳಿಯಾದ ಮೇಜರ್ ಲೀಗ್‌ನ ತಂಡಗಳು ಫೆಬ್ರವರಿ ಮಧ್ಯದಲ್ಲಿ ಫ್ಲೋರಿಡಾ ಮತ್ತು ಅರಿಜೋನಾದಲ್ಲಿ ವರ್ಷದ ತಯಾರಿ ಶುರು ಮಾಡ್ತವೆ. ಅದಕ್ಕೆ ಕೆಲವು ವಾರ ಮುಂಚೆ ಬಹಳಷ್ಟು ತಂಡಗಳು ಅದೇ ಮೈದಾನ, ಅದೇ ಡ್ರೆಸಿಂಗ್ ರೂಮನ್ನ ನಮ್ಮಂಥ ಸಾಮಾನ್ಯರಿಗೆ ಬಿಟ್ಟುಕೊಡ್ತವೆ. ಇದಕ್ಕೆ ಫ್ಯಾಂಟಸಿ ಕ್ಯಾಂಪ್ ಅಂತಾರೆ. ಬೆಳಿಗ್ಗೆ ಅಭ್ಯಾಸ, ಆಮೇಲೆ ಪಂದ್ಯ, ಕೆಲವು ದಿನ ಎರಡೆರಡು ಪಂದ್ಯ. ಕಲಿಸೋರು, ತಂಡ ನಡೆಸೋರು ಎಲ್ಲರೂ ಹಳೇ ವೃತ್ತಿಪರ ಆಟಗಾರರು. ನಿಮ್ಮ ಹೆಸರು ಬರೆದ ಜೆರ್ಸಿ, ನಿಮ್ಮದೇ ಒಂದು ಲಾಕರ್. ಖರ್ಚು ಸಾಮಾನ್ಯವಾಗಿ ಹಲವು ಸಾವಿರ ಡಾಲರ್.

ಆ ಖರ್ಚು ಕೇಳಿದ ಕೂಡಲೇ ಸ್ನೇಹಿತರೊಬ್ಬರು ಅಂದ್ರು: "ದುಡ್ಡು ಕೊಟ್ಟು ಆಟಗಾರ ಅನ್ನಿಸ್ಕೊಳ್ಳೋದ್ರಲ್ಲಿ ಏನು ಸುಖಾರೀ?" ಹಾಸನದಿಂದ ಅಪ್ಪ ಫೋನಲ್ಲಿ, "ಈ ವಯಸ್ಸಲ್ಲಿ ಕೈಕಾಲು ಮುರ್ಕೊಂಡ್ರೆ ಯಾರು ನೋಡ್ಕೊಳ್ತಾರೋ?" ಅಂದ್ರು. ಅಪ್ಪನ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಸ್ನೇಹಿತರ ಪ್ರಶ್ನೆಗೆ ಇವತ್ತು ಉತ್ತರ ಕೊಡ್ತೀನಿ.

ನಾನು ಬೆಳೆದದ್ದು ಕ್ರಿಕೆಟ್‌ನಲ್ಲಿ. ಟೆನಿಸ್ ಬಾಲು, ಸ್ಕೂಲ್ ಮೈದಾನ, ಆಮೇಲೆ ಕಾಲೇಜಲ್ಲಿ ಮ್ಯಾಟಿನ ಮೇಲೆ ಲೆದರ್ ಬಾಲು. ನ್ಯೂಜೆರ್ಸಿಗೆ ಬಂದ ಮೇಲೆ ಮಗಳು ಸಾಫ್ಟ್‌ಬಾಲ್ ಆಡೋಕೆ ಶುರು ಮಾಡಿದ್ಲು, ಅವಳ ಪಂದ್ಯಗಳಿಗೆ ಸ್ಕೋರು ಬರೀತಾ ಬರೀತಾ ಬೇಸ್‌ಬಾಲ್ ನನಗೂ ಹತ್ತಿಕೊಳ್ತು. ಹತ್ತು ವರ್ಷ ನೋಡಿದ್ದೀನಿ. ಆಟ ಅರ್ಥ ಆಗಿದೆ ಅಂತಲೇ ಅಂದುಕೊಂಡಿದ್ದೆ.

ಮೊದಲ ದಿನ ಬೆಳಿಗ್ಗೆ ನಮ್ಮನ್ನ ಇನ್‌ಫೀಲ್ಡ್‌ನ ಮಣ್ಣಲ್ಲಿ ಸಾಲಾಗಿ ನಿಲ್ಲಿಸಿದ್ರು. ಕಲಿಸೋಕೆ ಬಂದವರಿಗೆ ಎಪ್ಪತ್ತು ದಾಟಿದೆ, ನಡೆಯುವಾಗ ಒಂದು ಕಾಲು ಸ್ವಲ್ಪ ಎಳೀತಾರೆ. ಪಕ್ಕದಲ್ಲಿ ಬಕೆಟ್ ತುಂಬ ಚೆಂಡು. ಉದ್ದನೆಯ ತೆಳ್ಳಗಿನ ಬ್ಯಾಟಲ್ಲಿ ಒಂದೊಂದನ್ನೇ ನೆಲದ ಮೇಲೆ ಉರುಳಿಸಿ ಹೊಡೀತಾರೆ. ನನ್ನ ಸರದಿ ಬಂತು. ನಾನೇನು ಮಾಡಿದೆ ಗೊತ್ತಾ? ಒಂದು ಮೊಣಕಾಲು ನೆಲಕ್ಕೆ ಊರಿ, ದೇಹ ಅಡ್ಡ ಹಾಕಿ, ಚೆಂಡು ನಿಲ್ಲಿಸಿದೆ. ನಮ್ಮ ಪಿ.ಟಿ. ಮೇಷ್ಟ್ರು ಮೂವತ್ತೈದು ವರ್ಷದ ಹಿಂದೆ ಹೇಳಿಕೊಟ್ಟ ಲಾಂಗ್ ಬ್ಯಾರಿಯರ್ ಅದು, ಚೆನ್ನಾಗೇ ಮಾಡಿದೆ. ಅವರು ಬ್ಯಾಟು ಕೆಳಗಿಟ್ಟು ನನ್ನ ಹತ್ರ ನಡೆದು ಬಂದು, "ಎಲ್ಲಿ ಕಲಿತೆ ಇದನ್ನ?" ಅಂದ್ರು. ಹೇಳಿದೆ. "ಒಳ್ಳೇ ಮೇಷ್ಟ್ರು. ಆದ್ರೆ ನೀನು ಎದ್ದು ನಿಲ್ಲೋಷ್ಟರಲ್ಲಿ ಓಡೋನು ಬೇಸ್ ದಾಟಿರ್ತಾನೆ" ಅಂದ್ರು.

ಬೇಸ್ ಅಂದ್ರೆ ಓಡೋನು ಮುಟ್ಟಬೇಕಾದ ನೆಲೆ, ಒಂದರಿಂದ ಇನ್ನೊಂದಕ್ಕೆ 90 ಅಡಿ. ವೃತ್ತಿಪರ ಆಟಗಾರ ಹೊಡೆದು ಓಡಿದ್ರೆ ನಾಲ್ಕು ಸೆಕೆಂಡು ಚಿಲ್ಲರೆಯಲ್ಲಿ ಮೊದಲ ಬೇಸಲ್ಲಿರ್ತಾನೆ. ಅವನಿಗಿಂತ ಮುಂಚೆ ಚೆಂಡು ಅಲ್ಲಿಗೆ ತಲುಪಿದ್ರೆ ಔಟು. ಹಾಗಾಗಿ ಚೆಂಡು ಹಿಡಿಯೋದು, ಎಸೆಯೋದು ಎರಡು ಕೆಲಸ ಆಗಿ ಉಳಿಯೋಹಾಗಿಲ್ಲ, ಒಂದೇ ಚಲನೆ ಆಗ್ಬೇಕು. ಅದಕ್ಕೆ ಕಾಲು ಅಗಲ, ಸೊಂಟ ಕೆಳಗೆ, ಎಡಗೈಯ ಗ್ಲೌಸ್ ಅಂಗಾತ ತೆರೆದು ಮಣ್ಣಿಗೆ ತಾಗಿರ್ಬೇಕು, ಬಲಗೈ ಅದರ ಮೇಲೆ ಮುಚ್ಚಳದ ಹಾಗೆ ಕಾಯ್ತಿರ್ಬೇಕು. ಅವರು ನನ್ನ ಮಣಿಕಟ್ಟು ಹಿಡಿದು ಗ್ಲೌಸನ್ನ ನೆಲಕ್ಕೆ ಒತ್ತಿದ್ರು. ಬೆರಳಿನ ಸಂದಿಗೆ ಮಣ್ಣು ಸೇರ್ತು. "ಕೈ ಕೆಳಗಿದ್ರೆ ಚೆಂಡಿನ ಜೊತೆ ಮೇಲೆ ಬರತ್ತೆ. ಮೇಲಿದ್ರೆ ಕೆಳಗೆ ಇಳಿಯೋಷ್ಟು ಹೊತ್ತು ಚೆಂಡು ಕೊಡಲ್ಲ." ಇಷ್ಟೇ ಪಾಠ. ಇದನ್ನೇ ಐದು ದಿನ ಕಲಿತೆ.

ನೋಡಿ, ಹತ್ತು ವರ್ಷ ಟೀವಿಯಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲೋ ಫೀಲ್ಡರ್) ಆಡೋದನ್ನ ನೋಡಿದ್ದೆ, ಅವನ ಕೈ ಮಾತ್ರ ನೋಡ್ತಿದ್ದೆ. ಈಗ ಮೊದಲು ಕಾಲು ನೋಡ್ತೀನಿ. ಚೆಂಡು ಬರೋಕೆ ಮುಂಚೆನೇ ಅವನ ಪಾದ ಎಸೆತಕ್ಕೆ ಸಿದ್ಧ ಆಗೋದು ಕಾಣತ್ತೆ. ಒಂದು ಆಟವನ್ನ ಕಣ್ಣಿಂದ ಪ್ರೀತಿಸೋದು ಬೇರೆ, ತೊಡೆ ನೋಯಿಸಿಕೊಂಡು ಪ್ರೀತಿಸೋದು ಬೇರೆ. ನಾನು ದುಡ್ಡು ಕೊಟ್ಟದ್ದು ಇದಕ್ಕೆ.

ನೋವಿನ ವಿಷಯ ಬಂತಲ್ಲ, ಮುಚ್ಚಿಡಲ್ಲ. ಎರಡನೇ ದಿನ ಬೆಳಿಗ್ಗೆ ಫಿಸಿಯೋ ಕೋಣೆ ಮುಂದೆ ಅರ್ಧ ಕ್ಯಾಂಪ್ ಸಾಲು ನಿಂತಿತ್ತು. ಹ್ಯಾಮ್‌ಸ್ಟ್ರಿಂಗ್ ಹಿಡಿದವರು, ಭುಜ ಎತ್ತಲಾಗದವರು, ಮಂಡಿಗೆ ಐಸ್ ಕಟ್ಟಿಕೊಂಡವರು. ಹೋಗೋ ಮನಸ್ಸಿದ್ರೆ ಮೂರು ತಿಂಗಳು ಮುಂಚಿಂದ ಓಡೋದು, ಎಸೆಯೋದು ಅಭ್ಯಾಸ ಮಾಡಿ, ದಯವಿಟ್ಟು. ಕುರ್ಚಿಯಿಂದ ಎದ್ದು ನೇರ ಮೈದಾನಕ್ಕೆ ಇಳಿಯೋ ಆಟ ಇದಲ್ಲ.

ಬ್ಯಾಟಿಂಗ್‌ನಲ್ಲಿ ಇನ್ನೊಂದು ಪಾಠ ಆಯ್ತು. ಮೂರನೇ ಪಂದ್ಯದಲ್ಲಿ ಚೆಂಡು ಸರಿಯಾಗಿ ಸಿಕ್ಕಿತು, ಮೂರನೇ ಬೇಸಿನ ಪಕ್ಕ ಹೊಡೆದೆ. ಓಡಿದೆ, ಕೈಯಲ್ಲಿ ಬ್ಯಾಟು ಹಾಗೇ ಇತ್ತು. ಬೇಸ್‌ಬಾಲಲ್ಲಿ ಹೊಡೆದ ತಕ್ಷಣ ಬ್ಯಾಟು ಬಿಟ್ಟು ಓಡ್ತಾರೆ, ಅದು ನನಗೆ ಚೆನ್ನಾಗಿ ಗೊತ್ತು. ಆದ್ರೆ ಕೈಗೆ ಗೊತ್ತಿರಲಿಲ್ಲ. ಬೇಸ್ ಹತ್ರ ಬಂದಾಗ ತೋಳು ತಾನಾಗಿ ಬ್ಯಾಟನ್ನ ನೆಲಕ್ಕೆ ಚಾಚೋಕೆ ಹೊರಟಿತ್ತು. ಹಾಸನದ ಆ ಮೈದಾನ ಇನ್ನೂ ನನ್ನ ತೋಳಲ್ಲಿದೆ ಅಂತ ಆ ಕ್ಷಣ ಗೊತ್ತಾಯ್ತು. ನಿಜವಾಗ್ಲೂ ಸಂತೋಷ ಆಯ್ತು.

ಈಗ ಈ ಕ್ಯಾಂಪ್ ಹೇಗೆ ಹುಟ್ಟಿತು ಅಂತ ಸ್ವಲ್ಪ ಹೇಳ್ತೀನಿ. ರ‍್ಯಾಂಡಿ ಹಂಡ್ಲಿ ಅಂತ ಶಿಕಾಗೋ ಕಬ್ಸ್ ತಂಡದ ಕ್ಯಾಚರ್. 1968ರಲ್ಲಿ ಒಂದೇ ವರ್ಷ 160 ಪಂದ್ಯಗಳಲ್ಲಿ ಕ್ಯಾಚರ್ ಆಗಿ ನಿಂತ ಗಟ್ಟಿಗ. ಕ್ರಿಕೆಟ್ಟಿನ ವಿಕೆಟ್‌ಕೀಪರ್ ಕೆಲಸವನ್ನ ಇಡೀ ಪಂದ್ಯ ಕುಕ್ಕರಗಾಲಲ್ಲಿ ಮಾಡಿದ ಹಾಗೆ ಅದು. 1983ರಲ್ಲಿ ಹಂಡ್ಲಿ ತನ್ನ ಹಳೇ ಜೊತೆಗಾರರನ್ನ ಅರಿಜೋನಾದಲ್ಲಿ ಸೇರಿಸಿ ಅಭಿಮಾನಿಗಳಿಗೆ ಕ್ಯಾಂಪ್ ನಡೆಸಿದ್ರು. ಬಂದವರು 1969ರ ಕಬ್ಸ್ ಆಟಗಾರರು. ಆ ವರ್ಷ ಅವರ ತಂಡ ಏಪ್ರಿಲ್‌ನಿಂದ ಮುಂದಿದ್ದು, ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್‌ಗೆ ಸೋತು ಹಿಂದೆ ಬಿತ್ತು. ಗೆಲ್ಲದೇ ಹೋದ ತಂಡ ಅದು! ಹದಿನಾಲ್ಕು ವರ್ಷ ಆದಮೇಲೂ ಜನ ಅವರ ಪಕ್ಕ ನಿಂತು ಆಡೋಕೆ ಬಂದ್ರು.

ನಮಗೆ ಹೋಲಿಸಿಕೊಳ್ಳಿ. 1974ರಲ್ಲಿ ಮೊದಲ ಸಲ ರಣಜಿ ಗೆದ್ದ ನಮ್ಮ ಕರ್ನಾಟಕ ತಂಡದವರ ಹತ್ರ ಒಂದು ವಾರ ಕಲಿಯೋ ಅವಕಾಶ ಸಿಕ್ಕಿದ್ರೆ? ಜಿ. ಆರ್. ವಿಶ್ವನಾಥ್ ಸ್ಕ್ವೇರ್ ಕಟ್‌ಗೆ ಮಣಿಕಟ್ಟು ಹೇಗೆ ತಿರುಗತ್ತೆ ಅಂತ ಪಕ್ಕದಲ್ಲಿ ನಿಂತು ತೋರಿಸಿದ್ರೆ? ನಿಮ್ಮಲ್ಲಿ ಎಷ್ಟು ಜನ ರಜೆ ಹಾಕ್ತಿದ್ರಿ, ಕೆಳಗೆ ಬರೆದು ತಿಳಿಸಿ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತಾಗಿದ್ದು. ಇವತ್ತಿನ ಬೇಸ್‌ಬಾಲ್ ಆಟಗಾರರ ಕೋಟಿಗಳನ್ನ ನೋಡಿ, ಹಳಬರೂ ಹಾಗೇ ಇರ್ತಾರೆ ಅಂದುಕೊಳ್ತೀವಿ. 1967ರಲ್ಲಿ ಮೇಜರ್ ಲೀಗಿನ ಕನಿಷ್ಠ ಸಂಬಳ ವರ್ಷಕ್ಕೆ 6,000 ಡಾಲರ್. ಚಳಿಗಾಲ ಬಂದ್ರೆ ಬೇರೆ ಕೆಲಸ ಹುಡುಕ್ತಿದ್ರು. 1970ರ ದಶಕದಲ್ಲಿ ಪಿಂಚಣಿಗೆ ನಾಲ್ಕು ವರ್ಷ ಆಡಿರ್ಬೇಕಿತ್ತು. 1980ರಲ್ಲಿ ಅದು 43 ದಿನಕ್ಕೆ ಇಳೀತು, ಆದ್ರೆ ಅದಕ್ಕೆ ಮುಂಚೆ ಆಟ ಬಿಟ್ಟವರಿಗೆ ಅನ್ವಯ ಆಗಲಿಲ್ಲ. ಎರಡು ವರ್ಷ, ಮೂರು ವರ್ಷ ಆಡಿದವರು ಬರಿಗೈಯಲ್ಲಿ ಉಳಿದ್ರು. 2011ರಲ್ಲಿ ವರ್ಷಕ್ಕೆ ಒಂದಿಷ್ಟು ಹಣ ಅಂತ ಗೊತ್ತುಮಾಡಿದ್ರು, ಪೂರ್ತಿ ಪಿಂಚಣಿ ಆಗ್ಲೂ ಸಿಗಲಿಲ್ಲ. ಇಂಥ ಕ್ಯಾಂಪಲ್ಲಿ ಆ ಪೀಳಿಗೆಯವರನ್ನ ಹೆಸರು ಹಿಡಿದು ಕರೀತಾರೆ, ಅವರು ಗೆದ್ದುಕೊಟ್ಟ ಒಂದು ಪಂದ್ಯವನ್ನ ನೆನಪು ಮಾಡ್ತಾರೆ, ಕೈಯಲ್ಲಿರೋ ವಿದ್ಯೆಗೆ ಸಂಭಾವನೆ ಕೊಡ್ತಾರೆ. ಇದು ನನಗೆ ಸರಿ ಅನ್ನಿಸತ್ತೆ.

ಸರಿ ಅನ್ನಿಸದೇ ಇರೋದೂ ಒಂದಿದೆ, ಅದು ಬೆಲೆ. ನನ್ನ ಮಗಳ ತಂಡಕ್ಕೆ ಕೋಚ್ ಆಗಿರೋರು ಶಾಲಾ ಬಸ್ಸು ಓಡಿಸ್ತಾರೆ. ಈ ಆಟದ ಬಗ್ಗೆ ನನಗಿಂತ ಹತ್ತು ಪಟ್ಟು ತಿಳಿದವರು. ಅವರು ಈ ಕ್ಯಾಂಪಿಗೆ ಯಾವತ್ತೂ ಹೋಗಲಾರರು. ಮೇಜರ್ ಲೀಗ್ ತಂಡಗಳಿಗೆ ಒಂದು ಮೈದಾನ, ಇಬ್ಬರು ಹಿರಿಯ ಆಟಗಾರರು, ವರ್ಷಕ್ಕೆ ನಾಲ್ಕು ಶನಿವಾರ, ಊರಿನ ದೊಡ್ಡವರಿಗೆ ಪುಕ್ಕಟೆಯಾಗಿ ಕೊಡೋದು ಕಷ್ಟದ ಕೆಲಸ ಅಲ್ಲ. ಮಕ್ಕಳಿಗೆ ಕಲಿಸೋಕೆ ಎಲ್ಲರೂ ಮುಂದೆ ಬರ್ತಾರೆ. ನಲವತ್ತು ದಾಟಿದವರ ಮಣಿಕಟ್ಟು ಹಿಡಿದು, ಹೀಗಲ್ಲ ಹೀಗೆ ಅಂತ ತಿದ್ದೋರು ಯಾರಿದ್ದಾರೆ? ಆಫೀಸಲ್ಲಿ, ಮನೆಯಲ್ಲಿ ಎಲ್ಲ ಗೊತ್ತಿರೋರ ಹಾಗೆ ಇರ್ಬೇಕು ನಾವು. ಅದರಿಂದ ಒಂದು ವಾರ ಬಿಡುಗಡೆ ಸಿಕ್ಕಿತು ನನಗೆ.

ಕೊನೇ ದಿನ ಹಳೇ ಆಟಗಾರರ ವಿರುದ್ಧ ಪಂದ್ಯ ಮುಗೀತು. ಎಲ್ಲ ಊಟಕ್ಕೆ, ಬಹುಮಾನ ಸಮಾರಂಭಕ್ಕೆ ತಯಾರಾಗೋಕೆ ಹೋದ್ರು. ನಮ್ಮ ಗುರುಗಳು ಒಬ್ಬರೇ ಇನ್‌ಫೀಲ್ಡ್‌ನಲ್ಲಿ ಬಗ್ಗಿ ಚೆಂಡು ಹೆಕ್ಕಿ ಬಕೆಟ್‌ಗೆ ಹಾಕ್ತಿದ್ರು. ನಾನೂ ಹೆಕ್ಕಿಕೊಟ್ಟೆ. ಬಕೆಟ್ ತುಂಬಿದ ಮೇಲೆ ನನ್ನ ಮುಖ ನೋಡಿ, "ಇನ್ನೊಂದು ಹತ್ತು ಹೊಡೀಲಾ?" ಅಂದ್ರು. ಗ್ಲೌಸ್ ಹಾಕ್ಕೊಂಡು ಹೋಗಿ ನಿಂತೆ. ಆರು ಸಿಕ್ಕಿತು, ನಾಲ್ಕು ಬಿಟ್ಟೆ. ಬಿಟ್ಟ ನಾಲ್ಕಕ್ಕೂ ಎಲ್ಲಿ ತಪ್ಪಿತು ಅಂತ ಹೇಳಿ, ಅದೇ ಜಾಗಕ್ಕೆ ಇನ್ನೊಮ್ಮೆ ಹೊಡೆದ್ರು.